ಹೆಸರು ಎಷ್ಟು ಸಲ ಕೇಳುವುದು? ಆಪರೇಷನ್ ಥಿಯೇಟರಿನ ಸುರಕ್ಷತೆಯ ಬಗ್ಗೆ ಒಂದಿಷ್ಟು ಮಾಹಿತಿ

ಭಾನುವಾರದ ಬಲಿಪೂಜೆಯ ಪ್ರಾರ್ಥನೆಗಳಲ್ಲಿ, ‘ಈ ವಾರ ಶಸ್ತ್ರಚಿಕಿತ್ಸೆಗೆ ಒಳಗಾಗುವ ನಮ್ಮ ವಾರ್ಡಿನವರಿಗಾಗಿ’ ಎಂಬ ಬಿನ್ನಹ ಆಗಾಗ ಕೇಳಿಬರುತ್ತದೆ. ಅನಂತರ ಆ ರೋಗಿಯನ್ನು ಕಾಣಲು ಆಸ್ಪತ್ರೆಗೆ ಹೋಗುವ ಗುರ್ಕಾರರು, ಧರ್ಮಭಗಿನಿಯರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು ಮನೆಯವರ ಬಾಯಿಯಿಂದ ಒಂದು ದೂರನ್ನು ಕೇಳಿರಬಹುದು. “ಎಷ್ಟು ಸಲ ಕೇಳುವುದು ಮಾರಾಯ್ರೇ? ವಾರ್ಡಿನಲ್ಲಿ ಹೆಸರು ಕೇಳಿದರು, ಥಿಯೇಟರಿನ ಬಾಗಿಲಲ್ಲಿ ಪುನಃ ಕೇಳಿದರು, ಒಳಗೆ ಮತ್ತೊಬ್ಬರು ಕೇಳಿದರಂತೆ. ಯಾವ ಕಾಲಿಗೆ ಆಪರೇಷನ್ ಎಂದು ನಮ್ಮನ್ನೇ ಕೇಳುತ್ತಾರೆ. ಅವರಿಗೇ ಗೊತ್ತಿಲ್ಲವೇ?”

ಅವರಿಗೆ ಗೊತ್ತಿದೆ. ಗೊತ್ತಿದ್ದೂ ಕೇಳುತ್ತಾರೆ. ರೋಗಿಯನ್ನು ಕಾಯುವ ಕೆಲಸದಲ್ಲಿ ಬಹುಪಾಲು ನಡೆಯುವುದು ಹೀಗೆ ಕೇಳುವುದರಿಂದಲೇ. ಈ ಪ್ರಶ್ನೆಗಳ ಹಿಂದೆ ಏನಿದೆ, ಮನೆಯವರಾಗಿ ನಮ್ಮ ಪಾಲು ಎಷ್ಟು ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಮಂಗಳೂರಿಗೆ ಆಸ್ಪತ್ರೆ ಹೊಸತಲ್ಲ. ಈಗಿನ ವೆನ್ಲಾಕ್ ಆಸ್ಪತ್ರೆಯ ಮೂಲ 1848ರಷ್ಟು ಹಿಂದಿನದು. ಜರ್ಮನಿಯಿಂದ ಬಂದ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಮದ್ದು ಕೊಡಲು ತೊಡಗಿದ್ದು 1880ರಲ್ಲಿ. 1955ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಇಲ್ಲಿಗೆ ಬಂತು, 1999ರಲ್ಲಿ ಫಾದರ್ ಮುಲ್ಲರ್ ಸಂಸ್ಥೆಯಲ್ಲೂ ಮೆಡಿಕಲ್ ಕಾಲೇಜು ಆರಂಭವಾಯಿತು. ಇಂದು ಕಾಸರಗೋಡು, ಉಡುಪಿ, ಕೊಡಗು, ಚಿಕ್ಕಮಗಳೂರು ಕಡೆಯವರೂ ಆಪರೇಷನ್ನಿಗೆಂದು ಈ ನಗರಕ್ಕೇ ಬರುತ್ತಾರೆ. ರೋಗಿಗಳು ಹೆಚ್ಚಿದಂತೆ, ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವ ಅಪಾಯವೂ ಹೆಚ್ಚುತ್ತದೆ.

ಒಂದೇ ಹೆಸರು, ನಾಲ್ಕು ಭಾಷೆ

ಮಂಗಳೂರಿನ ಯಾವುದೇ ದೊಡ್ಡ ಆಸ್ಪತ್ರೆಯಲ್ಲಿ ‘ಮೇರಿ ಡಿಸೋಜ’ ಎಂದು ಕರೆದು ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ತಿರುಗಿ ನೋಡಿದರೆ ಆಶ್ಚರ್ಯವಿಲ್ಲ. ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಅದರ ಅರ್ಧ, ಮನೆಯಲ್ಲಿ ‘ಫಿಲ್ಲು ಬಾಯಿ’ ಎಂಬ ಮೂರನೆಯ ಹೆಸರು. ಕಿವಿ ಸ್ವಲ್ಪ ಮಂದವಾದ ಹಿರಿಯರು ಯಾವ ಹೆಸರಿಗೂ ‘ಹೂಂ’ ಎಂದುಬಿಡುತ್ತಾರೆ. ಆದ್ದರಿಂದ ತರಬೇತಿ ಪಡೆದ ದಾದಿ “ನೀವು ಮೇರಿ ಡಿಸೋಜ ಅಲ್ಲವೇ?” ಎಂದು ಕೇಳುವುದಿಲ್ಲ, “ನಿಮ್ಮ ಪೂರ್ತಿ ಹೆಸರು ಹೇಳಿ” ಎನ್ನುತ್ತಾರೆ. ಹೆಸರಿನ ಜೊತೆಗೆ ಇನ್ನೊಂದು ಗುರುತು ಬೇಕೇ ಬೇಕು: ಆಸ್ಪತ್ರೆಯ ನಂಬರು ಅಥವಾ ಹುಟ್ಟಿದ ದಿನಾಂಕ. ಕೈಗೆ ಕಟ್ಟುವ ಪಟ್ಟಿ ಇದಕ್ಕಾಗಿಯೇ. ತುರಿಕೆಯಾಗುತ್ತದೆಂದು ಅದನ್ನು ಕತ್ತರಿಸಿ ದಿಂಬಿನಡಿ ಇಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಎಡ ಬಲದ ಪ್ರಶ್ನೆಯೂ ಇದೇ ಜಾತಿಯದು. ಎರಡು ಕಾಲು, ಎರಡು ಕಣ್ಣು, ಎರಡು ಮೂತ್ರಪಿಂಡ ಇರುವ ದೇಹದಲ್ಲಿ ಬದಿ ತಪ್ಪುವ ಸಾಧ್ಯತೆ ಇದ್ದೇ ಇದೆ. ರೋಗಿಯ ಎದುರು ನಿಂತ ವೈದ್ಯರ ಬಲಕ್ಕೆ ರೋಗಿಯ ಎಡ ಬರುತ್ತದೆ. ಎಕ್ಸ್‌ರೇ ಫಿಲ್ಮನ್ನು ತಿರುಗಿಸಿ ಹಿಡಿದರೂ ಬದಿ ಬದಲಾಗುತ್ತದೆ. ಇದರ ಮೇಲೆ ನಮ್ಮ ಊರಿನ ಭಾಷೆಗಳು. ಕನ್ನಡದ ಎಡ, ಬಲ ತುಳುವಿನವರಿಗೆ ಹೇಗೂ ತಿಳಿಯುತ್ತದೆ. ಕೊಂಕಣಿಯ ಅಜ್ಜಿಗೆ ‘ದಾವೊ’, ‘ಉಜ್ವೊ’ ಎಂದರೇ ಸರಿ, ಕಾಸರಗೋಡಿನ ಮಲಯಾಳಿಗೆ ‘ಇಡತ್’, ‘ವಲತ್’. ಹೊರ ರಾಜ್ಯದಿಂದ ಕಲಿಯಲು ಬಂದ ಯುವ ವೈದ್ಯರಿಗೆ ಇವೆಲ್ಲ ಹೊಸತು. ಹಾಗಾಗಿ ಮಾತನ್ನಷ್ಟೇ ನಂಬದೆ, ರೋಗಿ ಎಚ್ಚರದಲ್ಲಿರುವಾಗಲೇ ಆಪರೇಷನ್ ಆಗಬೇಕಾದ ಜಾಗವನ್ನು ಬೆರಳಿನಿಂದ ತೋರಿಸಲು ಹೇಳಿ, ಅಲ್ಲಿ ಅಳಿಸಿಹೋಗದ ಪೆನ್ನಿನಿಂದ ಗುರುತು ಹಾಕುತ್ತಾರೆ. ಸ್ನಾನದಲ್ಲಿ ಅದನ್ನು ಉಜ್ಜಿ ತೆಗೆಯಬಾರದು. ಗುರುತು ಹಾಕದಿದ್ದರೆ “ಡಾಕ್ಟರೇ, ಗುರುತು ಹಾಕಲಿಲ್ಲವಲ್ಲ” ಎಂದು ಕೇಳಲು ಸಂಕೋಚ ಬೇಡ.

ಹತ್ತೊಂಬತ್ತು ಅಂಶಗಳ ಒಂದು ಹಾಳೆ

ಇಂಥ ಪ್ರಶ್ನೆಗಳನ್ನು ಒಬ್ಬೊಬ್ಬರ ನೆನಪಿಗೆ ಬಿಡದೆ ಒಂದು ಹಾಳೆಯಲ್ಲಿ ಕ್ರಮವಾಗಿ ಬರೆದಿಟ್ಟದ್ದು ವಿಶ್ವ ಆರೋಗ್ಯ ಸಂಸ್ಥೆ, 2008ರ ಜೂನ್‌ನಲ್ಲಿ. ಭಾರತೀಯ ಮೂಲದ ಅಮೆರಿಕನ್ ಶಸ್ತ್ರಚಿಕಿತ್ಸಕ ಡಾ. ಅತುಲ್ ಗವಾಂಡೆ ಈ ಕೆಲಸದ ಮುಂದಾಳು. ಹಾಳೆಯಲ್ಲಿರುವುದು ಬರೇ 19 ಅಂಶಗಳು. ಅವನ್ನು ಮೂರು ಹೊತ್ತಿನಲ್ಲಿ ಗಟ್ಟಿಯಾಗಿ ಓದಬೇಕು: ಅರಿವಳಿಕೆ ಕೊಡುವ ಮೊದಲು, ಚರ್ಮಕ್ಕೆ ಕತ್ತಿ ತಾಗುವ ಮೊದಲು, ರೋಗಿ ಥಿಯೇಟರಿನಿಂದ ಹೊರಹೋಗುವ ಮೊದಲು.

ಇದನ್ನು ಮೊದಲು ಪರೀಕ್ಷಿಸಿದ್ದು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ. ಸಿಯಾಟಲ್, ಟೊರಾಂಟೊ, ಲಂಡನ್ ಜೊತೆಗೆ ನಮ್ಮ ದೆಹಲಿಯ ಸೇಂಟ್ ಸ್ಟೀಫನ್ಸ್ ಆಸ್ಪತ್ರೆ, ತಾಂಜಾನಿಯಾದ ಇಫಕಾರಾ ಎಂಬ ಊರಿನ ಸಂತ ಫ್ರಾನ್ಸಿಸರ ಹೆಸರಿನ ಆಸ್ಪತ್ರೆ ಕೂಡ ಇದ್ದವು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಾಳೆ ಬಳಸುವ ಮೊದಲು ನೂರರಲ್ಲಿ 11 ರೋಗಿಗಳಿಗೆ ಆಪರೇಷನ್ ಬಳಿಕ ದೊಡ್ಡ ತೊಂದರೆಗಳಾಗುತ್ತಿದ್ದರೆ, ಬಳಸಿದ ಮೇಲೆ ಅದು 7ಕ್ಕೆ ಇಳಿದಿತ್ತು. ಸಾವಿನ ಪ್ರಮಾಣ ನೂರಕ್ಕೆ 1.5ರಿಂದ 0.8ಕ್ಕೆ ಬಂದಿತ್ತು. ಹೊಸ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಒಂದು ಹಾಳೆ, ಮತ್ತು ಅದನ್ನು ಓದಲು ಒಂದೆರಡು ನಿಮಿಷ.

ಎರಡನೆಯ ಹೊತ್ತಿನ ಓದಿಗೆ ‘ಟೈಮ್ ಔಟ್’ ಎಂದು ಹೆಸರು. ಆಗ ಎಲ್ಲರೂ ಕೈಯ ಕೆಲಸ ನಿಲ್ಲಿಸಬೇಕು. ಶಸ್ತ್ರಚಿಕಿತ್ಸಕರು, ಅರಿವಳಿಕೆ ತಜ್ಞರು, ದಾದಿಯರು, ಟೆಕ್ನಿಷಿಯನ್, ಕಲಿಯಲು ನಿಂತ ವಿದ್ಯಾರ್ಥಿ, ಎಲ್ಲರೂ ತಂತಮ್ಮ ಹೆಸರು ಮತ್ತು ಕೆಲಸ ಹೇಳಬೇಕು. ರೋಗಿ ಯಾರು, ಯಾವ ಆಪರೇಷನ್, ಯಾವ ಬದಿ ಎಂಬುದನ್ನು ಪುನಃ ಹೇಳಬೇಕು. ಸೋಂಕು ತಡೆಯುವ ಆ್ಯಂಟಿಬಯೋಟಿಕ್ ಕಳೆದ ಒಂದು ಗಂಟೆಯೊಳಗೆ ಕೊಟ್ಟಾಗಿದೆಯೇ, ಎಷ್ಟು ರಕ್ತ ಹೋಗಬಹುದು, ಉಪಕರಣಗಳು ಆಟೋಕ್ಲೇವಿನಲ್ಲಿ ಸರಿಯಾಗಿ ಶುದ್ಧವಾಗಿವೆ ಎಂದು ಪೊಟ್ಟಣದ ಪಟ್ಟಿಯ ಬಣ್ಣ ತೋರಿಸುತ್ತಿದೆಯೇ ಎಂಬುದನ್ನು ಒಬ್ಬರು ಕೇಳಬೇಕು, ಇನ್ನೊಬ್ಬರು ಉತ್ತರಿಸಬೇಕು.

ಹೆಸರು ಹೇಳಿಕೊಳ್ಳುವುದು ಬರಿಯ ಶಿಷ್ಟಾಚಾರವೆಂದು ಕಾಣಬಹುದು. ನಮ್ಮ ಮಟ್ಟಿಗೆ ಇಡೀ ಹಾಳೆಯಲ್ಲಿ ಮುಖ್ಯವಾದದ್ದು ಇದೇ. ಆಪರೇಷನ್ ಥಿಯೇಟರಿನಲ್ಲಿ ಮೇಲು ಕೀಳಿನ ಮೆಟ್ಟಿಲುಗಳು ಬಹಳ. ಹಿರಿಯ ಸರ್ಜನ್ ಎದುರು ನಿನ್ನೆ ಮೊನ್ನೆ ಸೇರಿದ ದಾದಿ ಬಾಯಿ ತೆರೆಯುವುದು ಸುಲಭವಲ್ಲ. ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದೆಂದು ಮನೆಯಲ್ಲಿ, ಶಾಲೆಯಲ್ಲಿ, ಧರ್ಮೋಪದೇಶದ ತರಗತಿಯಲ್ಲೂ ಕಲಿಸಿ ಬೆಳೆಸಿರುತ್ತೇವೆ. ಆದರೆ ತಪ್ಪು ಮೊದಲು ಕಣ್ಣಿಗೆ ಬೀಳುವುದು ಎಷ್ಟೋ ಸಲ ಅಂಥ ಕಿರಿಯರಿಗೇ. ಒಮ್ಮೆ ತನ್ನ ಹೆಸರು ಗಟ್ಟಿಯಾಗಿ ಹೇಳಿ ಬಾಯಿ ಬಿಟ್ಟವರಿಗೆ, ಅರ್ಧ ಗಂಟೆಯ ನಂತರ “ಸರ್, ಒಂದು ನಿಮಿಷ ನಿಲ್ಲಿ” ಎನ್ನಲು ಧೈರ್ಯ ಬರುತ್ತದೆ. ಆ ‘ಒಂದು ನಿಮಿಷ’ಕ್ಕೆ ಸಿಡುಕುವ ಸರ್ಜನ್ ಎಷ್ಟೇ ಕೈಚಳಕದವರಾದರೂ ಅವರ ಥಿಯೇಟರ್ ಅಷ್ಟರಮಟ್ಟಿಗೆ ಅಪಾಯದ ಜಾಗವೇ.

ಹಾಳೆ ಇದ್ದ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳು ಇದನ್ನು ಜಾರಿಗೆ ತಂದ ಬಳಿಕ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವು ನೋವುಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಕಾರಣದ ಬಗ್ಗೆ ತಜ್ಞರಲ್ಲಿ ಚರ್ಚೆ ನಡೆದಿದೆ. ಆದೇಶ ಬಂತೆಂದು ಟಿಕ್ ಹಾಕುವುದು ಬೇರೆ, ನಿಂತು ಕೇಳುವುದು ಬೇರೆ ಎಂಬ ವಾದ ನಮಗೆ ಒಪ್ಪಿಗೆಯಾಗುತ್ತದೆ. ಆಪರೇಷನ್ ಮುಗಿದ ಮೇಲೆ ಒಟ್ಟಿಗೆ ಹತ್ತೊಂಬತ್ತು ಟಿಕ್ ಹಾಕಿದ ಹಾಳೆಗೂ, ಮನಸ್ಸು ಬೇರೆಲ್ಲೋ ಇಟ್ಟು ಮುಗಿಸಿದ ಜಪಸರಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಎಣಿಕೆ

ಆಪರೇಷನ್ ನಡೆಯುವಾಗ ರಕ್ತ ಹೀರಲು ಬಳಸುವ ಬಟ್ಟೆಯ ತುಂಡುಗಳಿಗೆ ಥಿಯೇಟರಿನಲ್ಲಿ ಮಾಪ್ ಎನ್ನುತ್ತಾರೆ. ರಕ್ತದಲ್ಲಿ ತೊಯ್ದ ಮಾಪ್ ಕರುಳಿನ ನಡುವೆ ಕರುಳಿನಂತೆಯೇ ಕಾಣುತ್ತದೆ. ಆದ್ದರಿಂದ ಇಬ್ಬರು ಸೇರಿ ಎಣಿಸುತ್ತಾರೆ: ಶುದ್ಧ ಗೌನ್ ತೊಟ್ಟು ಉಪಕರಣ ಕೊಡುವ ಸ್ಕ್ರಬ್ ನರ್ಸ್, ಮತ್ತು ಹೊರಗಿನಿಂದ ಸಾಮಾನು ಒದಗಿಸುವ ಇನ್ನೊಬ್ಬ ದಾದಿ. ಶುರುವಿಗೆ ಮುಂಚೆ ಒಂದು ಸಲ, ನಡುವೆ ಹೊಸ ಕಟ್ಟು ಬಿಚ್ಚಿದಾಗ, ಹೊಟ್ಟೆ ಮುಚ್ಚುವ ಮೊದಲು, ಚರ್ಮಕ್ಕೆ ಹೊಲಿಗೆ ಹಾಕುವಾಗ ಮತ್ತೊಮ್ಮೆ. ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲಿ ಬರೆಯುತ್ತಾರೆ. ಸೂಜಿ, ಕತ್ತರಿ, ಫೋರ್ಸೆಪ್ಸ್ ಎಲ್ಲಕ್ಕೂ ಇದೇ ಕ್ರಮ. ಮಾಪಿನೊಳಗೆ ಎಕ್ಸ್‌ರೇಯಲ್ಲಿ ಕಾಣುವ ಒಂದು ನೂಲು ನೇಯ್ದಿರುತ್ತದೆ. ಲೆಕ್ಕ ಒಂದು ಕಡಿಮೆ ಬಂದರೆ ಹುಡುಕಬೇಕು, ಸಿಗದಿದ್ದರೆ ರೋಗಿಯನ್ನು ಹೊರಗೆ ಕಳಿಸುವ ಮೊದಲೇ ಎಕ್ಸ್‌ರೇ ತೆಗೆಯಬೇಕು. ‘ಇನ್ನೂ ಹೊರಗೆ ತರಲಿಲ್ಲವಲ್ಲ’ ಎಂದು ಬಾಗಿಲಲ್ಲಿ ಚಡಪಡಿಸುವ ನಮಗೆ ಒಳಗೆ ಒಂದು ಬಟ್ಟೆ ತುಂಡಿಗಾಗಿ ಕಸದ ಬುಟ್ಟಿ ಸಹ ಮಗುಚಿ ಹುಡುಕುತ್ತಿರಬಹುದೆಂದು ಹೊಳೆಯುವುದಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನೆರೆಯ ಕೇರಳದಲ್ಲಿ 2017ರಲ್ಲಿ ಸಿಸೇರಿಯನ್ ಆಗಿದ್ದ ಮಹಿಳೆಯೊಬ್ಬರ ಹೊಟ್ಟೆಯಿಂದ 2022ರಲ್ಲಿ ಫೋರ್ಸೆಪ್ಸ್ ಒಂದನ್ನು ಹೊರತೆಗೆಯಲಾಯಿತು. ಅದು ಉಳಿದದ್ದು ಯಾವಾಗ, ಯಾರಿಂದ ಎಂಬ ಬಗ್ಗೆ ದೊಡ್ಡ ವಿವಾದವೇ ನಡೆದು ಪೊಲೀಸ್ ಪ್ರಕರಣವಾಯಿತು. ಆ ತಾಯಿ ನೋವು ತಿಂದ ವರ್ಷಗಳು ಮಾತ್ರ ವಿವಾದವಿಲ್ಲದವು.

ಇನ್ನು ಕೆಲವು ಅಪಾಯಗಳನ್ನು ಎಷ್ಟು ಎಣಿಸಿದರೂ ತಂಡ ತಡೆಯಲಾರದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಸಂಶಯ ಹೋದದ್ದು ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ಕಂಪೆನಿಯ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಬಾಟಲಿಯ ಬ್ಯಾಚ್ ನಂಬರನ್ನು ರೋಗಿಯ ಕಡತದಲ್ಲಿ ಬರೆದಿಡುವ ಕೆಲಸ ಕೆಲವರಿಗೆ ಗುಮಾಸ್ತಗಿರಿಯಂತೆ ಕಾಣುತ್ತದೆ. ಇಂಥ ದಿನ ಬಂದಾಗ ಯಾವ ಬಾಟಲಿ ಯಾರಿಗೆ ಹೋಯಿತು ಎಂದು ತಿಳಿಯಲು ಬೇರೆ ದಾರಿಯೇ ಇಲ್ಲ.

ಮನೆಯವರು ಮುಚ್ಚಿಡುವ ಸಂಗತಿಗಳು

ಅರಿವಳಿಕೆ ತಜ್ಞರನ್ನು ನಮ್ಮವರು ‘ಮಂಪರು ಕೊಡುವ ಡಾಕ್ಟರ್’ ಎಂದು ಕರೆದು ಅಷ್ಟಕ್ಕೇ ಬಿಡುತ್ತಾರೆ. ಆದರೆ ಇಡೀ ಹೊತ್ತು ರೋಗಿಯ ಉಸಿರು, ನಾಡಿ, ರಕ್ತದೊತ್ತಡ ಕಾಯುವವರು ಅವರೇ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನ ಪರಿಚಯ ಕೋವಿಡ್ ಕಾಲದಲ್ಲಿ ಎಲ್ಲರಿಗೂ ಆಗಿದೆ. ಥಿಯೇಟರಿನಲ್ಲಿ ಅದು ಶಬ್ದವನ್ನೂ ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಂತೆ ಆ ‘ಟಿಕ್ ಟಿಕ್’ ದನಿ ತಗ್ಗುತ್ತಾ ಹೋಗುತ್ತದೆ, ಪರದೆಯನ್ನು ನೋಡದಿದ್ದವರ ಕಿವಿಗೂ ಬೀಳುತ್ತದೆ. ಉಗುರಿಗೆ ಬಣ್ಣ ಹಚ್ಚಿಕೊಂಡು ಬರಬೇಡಿ ಎನ್ನುವುದು ಈ ಯಂತ್ರ ಸರಿಯಾಗಿ ಓದಲೆಂದು.

ಈ ತಜ್ಞರು ಹಿಂದಿನ ದಿನ ಬಂದು ಕೇಳುವ ಪ್ರಶ್ನೆಗಳಿಗೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರಗಳೇ ಬಹುಶಃ ದೊಡ್ಡ ಸಮಸ್ಯೆ. ಮೊದಲನೆಯದು ಹೊಟ್ಟೆ ಖಾಲಿ ಇಡುವ ವಿಚಾರ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಮಲಗಿರುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು, ಅದು ಪ್ರಾಣಕ್ಕೇ ಅಪಾಯ. ಸಾಮಾನ್ಯವಾಗಿ ಲಘು ಆಹಾರಕ್ಕೆ ಆರು ಗಂಟೆ, ಎಣ್ಣೆ ಮಾಂಸದ ಊಟಕ್ಕೆ ಎಂಟು ಗಂಟೆ, ತಿಳಿ ನೀರಿಗೆ ಎರಡು ಗಂಟೆ, ಎದೆಹಾಲಿಗೆ ನಾಲ್ಕು ಗಂಟೆಯ ಅಂತರ ಬೇಕು. ನಿಮ್ಮ ಆಸ್ಪತ್ರೆ ಬೇರೆ ಹೊತ್ತು ಹೇಳಿದರೆ ಅದನ್ನೇ ಪಾಲಿಸಿ. “ಮಗು ಅತ್ತಿತು, ಒಂದೇ ಬಿಸ್ಕಿಟ್ ಕೊಟ್ಟದ್ದು”, “ಗಂಜಿ ಕೊಡಲಿಲ್ಲ, ಗಂಜಿಯ ತೆಳಿ ಮಾತ್ರ” ಎಂಬವು ನಮ್ಮ ಕರಾವಳಿಯ ಉತ್ತರಗಳು. ತೆಳಿ ನೀರಲ್ಲ, ಅದು ಆಹಾರವೇ. ಹಾಲು ಹಾಕಿದ ಚಾ ಕೂಡ. ಕೊಟ್ಟದ್ದಾದರೆ ಹೇಳಿಬಿಡಿ. ಬೈಗಳು ಸಿಗಬಹುದು, ಆಪರೇಷನ್ ನಾಲ್ಕು ಗಂಟೆ ಮುಂದೆ ಹೋಗಬಹುದು. ಮುಚ್ಚಿಟ್ಟರೆ ಆಗುವುದು ಅಷ್ಟಕ್ಕೇ ನಿಲ್ಲದು.

ಕುಡಿತದ ವಿಷಯ ಇನ್ನೂ ಕಷ್ಟದ್ದು. ಗುರ್ಕಾರರು, ನೆರೆಯವರು ಮಂಚದ ಸುತ್ತ ನಿಂತಿರುವಾಗ “ಕುಡಿಯುವ ಅಭ್ಯಾಸ ಉಂಟಾ?” ಎಂದು ಕೇಳಿದರೆ ಯಾವ ಹೆಂಡತಿ ತಾನೇ ಹೌದು ಎಂದಾಳು? ದಿನವೂ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ಅದು ದಿಢೀರನೆ ನಿಂತಾಗ, ಎರಡು ಮೂರು ದಿನಗಳಲ್ಲಿ ಕೈ ನಡುಗಿ, ಭ್ರಮೆ ಹುಟ್ಟಿ, ಹೊಲಿಗೆ ಕಿತ್ತುಕೊಂಡು ಎದ್ದು ಓಡುವ ಸ್ಥಿತಿ ಬರಬಹುದು. ಮೊದಲೇ ಗೊತ್ತಿದ್ದರೆ ಔಷಧ ಕೊಟ್ಟು ತಡೆಯಬಹುದು. ರೋಗಿಯನ್ನು ಕಾಣಲು ಹೋಗುವವರಲ್ಲಿ ನಮ್ಮ ವಿನಂತಿ: ವೈದ್ಯರು ಪ್ರಶ್ನೆ ಕೇಳಲು ಬಂದ ಕೂಡಲೇ ಎದ್ದು ಹೊರಗೆ ನಡೆಯಿರಿ. ಆ ಹೊತ್ತಿನಲ್ಲಿ ನಿಮ್ಮ ಪ್ರೀತಿಗಿಂತ ನಿಮ್ಮ ಗೈರುಹಾಜರಿ ಅವರಿಗೆ ಹೆಚ್ಚು ಉಪಕಾರ.

ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ನಾಟಿ ಮದ್ದು, ಕಷಾಯ ಎಲ್ಲವನ್ನೂ ತಿಳಿಸಬೇಕು. ಸಕ್ಕರೆ ಕಾಯಿಲೆಯ ಕೆಲವು ಹೊಸ ಮಾತ್ರೆಗಳನ್ನು ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ಯಾರೋ ಹೇಳಿದರೆಂದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಹೆಸರು ನೆನಪಿಲ್ಲದಿದ್ದರೆ ಮಾತ್ರೆಯ ಪಟ್ಟಿಯನ್ನೇ ಕಿಸೆಯಲ್ಲಿ ತನ್ನಿ. ಪೆನ್ಸಿಲಿನ್‌ನಂಥ ಔಷಧ ಆಗದಿದ್ದರೆ, ಹಿಂದೆ ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದ್ದರೆ ಅದನ್ನೂ ಹೇಳಿ, ಕೆಲವು ತೊಂದರೆಗಳು ವಂಶದಲ್ಲಿ ಬರುತ್ತವೆ.

ಆಭರಣಗಳ ಬಗ್ಗೆಯೂ ಎರಡು ಮಾತು. ಬಳೆ, ಉಂಗುರ, ಕರಿಮಣಿ, ಕೊರಳ ಶಿಲುಬೆ ಎಲ್ಲ ತೆಗೆಯಲು ಹೇಳುತ್ತಾರೆ. ರಕ್ತ ನಿಲ್ಲಿಸಲು ವಿದ್ಯುತ್ತಿನ ಕಾಟರಿ ಬಳಸುವಾಗ ಲೋಹ ತಾಗಿದ ಜಾಗದಲ್ಲಿ ಸುಡುವ ಸಂಭವವಿದೆ, ಬೆರಳು ಊದಿದರೆ ಉಂಗುರ ಕತ್ತರಿಸಬೇಕಾಗುತ್ತದೆ. ಕರಿಮಣಿ ತೆಗೆಯುವುದು ಅಶುಭವೆಂದು ಅಳುವ ತಾಯಂದಿರಿದ್ದಾರೆ. ಬೆಂತಿಣ್ ತೆಗೆಯಲು ಒಲ್ಲದ ಹಿರಿಯರಿದ್ದಾರೆ. ಅವರ ಜೊತೆ ವಾದ ಮಾಡುವುದಕ್ಕಿಂತ, ಧರ್ಮಗುರುಗಳೋ ಧರ್ಮಭಗಿನಿಯರೋ ಅದನ್ನು ಅವರ ಕೈಯಿಂದಲೇ ಪಡೆದು, ಮನೆಯವರಿಗೆ ಒಪ್ಪಿಸಿದರೆ ಅರ್ಧ ಭಯ ಹೋಗುತ್ತದೆ. ಪರಮಪ್ರಸಾದದ ಬಗ್ಗೆಯೂ ಕೇಳುವವರಿದ್ದಾರೆ. ಬೆಳಿಗ್ಗೆ ಆಪರೇಷನ್ ಇದ್ದರೆ ಹಿಂದಿನ ಸಂಜೆಯೇ ಕೊಡುವುದು ಒಳ್ಳೆಯದು. ಬೆಳಿಗ್ಗೆಯೇ ಆಗಬೇಕೆಂದಿದ್ದರೆ ಅರಿವಳಿಕೆ ತಜ್ಞರನ್ನು ಕೇಳಿ ಮುಂದುವರಿಯಿರಿ. ರೋಗಿಗಳ ಅಭ್ಯಂಗಕ್ಕೆ ಇಂಥ ಅಡ್ಡಿ ಇಲ್ಲ. ಅದು ಸಾಯುವವರಿಗೆ ಮಾತ್ರ ಎಂಬ ಹಳೆಯ ಅಂಜಿಕೆಯಿಂದ ಧರ್ಮಗುರುಗಳನ್ನು ಕಂಡೊಡನೆ ರೋಗಿಯ ರಕ್ತದೊತ್ತಡ ಏರದಂತೆ ಮೊದಲೇ ತಿಳಿಸಿ ಹೇಳುವುದು ಕ್ಷೇಮ.

ಸಹಿ ಹಾಕುವ ಮೊದಲು

ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕುವುದು ನಮ್ಮಲ್ಲಿ ಸಾಮಾನ್ಯ. ಪ್ರಜ್ಞೆಯಲ್ಲಿರುವ ವಯಸ್ಕ ರೋಗಿಯ ಸಹಿಯನ್ನು ರೋಗಿಯೇ ಹಾಕಬೇಕು, ಗಂಡನೋ ಮಗನೋ ಅಲ್ಲ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಮಹಿಳೆಗೆ, ಹೊರಗಿದ್ದ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆಯಲಾಗಿತ್ತು. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿರುವಾಗ ಹಾಗೆ ಮಾಡುವಂತಿಲ್ಲ, ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಒಪ್ಪಿಗೆಯಾಗದು ಎಂದಿತು ನ್ಯಾಯಾಲಯ. ಇಂಗ್ಲಿಷಿನಲ್ಲಿರುವ ಪತ್ರ ತಿಳಿಯದಿದ್ದರೆ ಕನ್ನಡದಲ್ಲೋ ನಿಮ್ಮ ಮನೆಮಾತಿನಲ್ಲೋ ಓದಿ ಹೇಳಲು ಕೇಳಿ. ಓದು ಬಾರದ ಹಿರಿಯರ ಹೆಬ್ಬೆಟ್ಟು ಒತ್ತಿಸುವ ಮೊದಲು ಜೊತೆಗಿರುವವರು ಇದನ್ನು ಮಾಡಿಸಲೇಬೇಕು.

ರೋಗಿ ಹೊರಗೆ ಬಂದಾಗ ಎಲ್ಲರೂ ಕೇಳುವುದು ಒಂದೇ: “ಸಕ್ಸೆಸ್ಸಾ?” ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಒಳ್ಳೆಯದು. ಒಳಗಿನಿಂದ ತೆಗೆದ ಗಡ್ಡೆಯನ್ನೋ ತುಂಡನ್ನೋ ಬಯಾಪ್ಸಿಗೆ ಕಳಿಸಿದ್ದೀರಾ, ವರದಿ ಯಾವಾಗ, ಯಾರಿಂದ ಪಡೆಯಬೇಕು? ಆ ಡಬ್ಬಿಯ ಮೇಲೆ ಸರಿಯಾದ ಹೆಸರು ಬಿದ್ದಿದೆಯೇ ಎಂದು ನೋಡುವುದು ಹಾಳೆಯ ಕೊನೆಯ ಅಂಶಗಳಲ್ಲೊಂದು. ಡಬ್ಬಿ ಸರಿಯಾಗಿ ಹೋಗಿ, ವರದಿಯೂ ಬಂದು, ಗಾಯ ಮಾಯಿತೆಂದು ಯಾರೂ ತರಲು ಹೋಗದೆ ಆಸ್ಪತ್ರೆಯ ಕಪಾಟಿನಲ್ಲೇ ಅದು ಉಳಿದುಹೋಗುವುದುಂಟು. ಮನೆಯಲ್ಲಿ ಇಬ್ಬರೇ ಹಿರಿಯರು, ಮಕ್ಕಳು ಕುವೈತಿನಲ್ಲೋ ದುಬಾಯಿಯಲ್ಲೋ ಇರುವ ಕುಟುಂಬಗಳು ನಮ್ಮ ಪ್ರತಿ ವಾರ್ಡಿನಲ್ಲೂ ಇವೆ. ಅಂಥವರ ಮನೆಗೆ ಭೇಟಿ ಕೊಡುವವರು ಡಿಸ್ಚಾರ್ಜ್ ಹಾಳೆಯನ್ನು ಒಮ್ಮೆ ಕೇಳಿ ನೋಡಲಿ. ಪುನಃ ಬರಬೇಕಾದ ದಿನಾಂಕವನ್ನು ಅದರ ಕೆಳಗೆ ಬರೆದಿರುತ್ತಾರೆ.